ಚುಚ್ಚುಮದ್ದಿನ ನಂಜು

ಸೂಜಿ ಚುಚ್ಚಿದ ಜಾಗದಿಂದ ಒಳಹೊಕ್ಕ ಸೋಂಕಿಗೆ ದೇಹವು ಅಂಕೆ ಮೀರಿ ಪ್ರತಿಕ್ರಿಯಿಸಿ, ತನ್ನ ಅಂಗಾಂಗಗಳಿಗೇ ಹಾನಿ ಮಾಡಿಕೊಳ್ಳುವ ಪ್ರಾಣಾಂತಕ ಸ್ಥಿತಿ. ವೈದ್ಯರು ಇದನ್ನು ಸೆಪ್ಸಿಸ್ ಎನ್ನುತ್ತಾರೆ. ಮರುಬಳಸಿದ ಸೂಜಿ, ತೆರೆದು ಬಹಳ ದಿನವಾದ ಔಷಧಿ ಸೀಸೆ ಅಥವಾ ಶುಚಿಗೊಳಿಸದ ಚರ್ಮದ ಮೂಲಕ ಸ್ಟ್ಯಾಫಿಲೊಕಾಕಸ್‌ನಂತಹ ಬ್ಯಾಕ್ಟೀರಿಯಾಗಳು ಸ್ನಾಯುವಿಗಿಳಿದು ಕೀವು ಕಟ್ಟಿಸುತ್ತವೆ, ಕೆಲವೊಮ್ಮೆ ಅಲ್ಲಿಂದ ರಕ್ತಕ್ಕೂ ಸೇರುತ್ತವೆ.

ಸೂಜಿ ಮಾಡಿಸಿದೆಡೆ ತುಸು ನೋವು, ಬಾವು ಸಹಜ. ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಇಳಿಯುತ್ತದೆ. ಆದರೆ ಕೆಂಪು ಹರಡುತ್ತ ಹೋಗಿ, ಚಳಿಜ್ವರ, ಏದುಸಿರು, ಮಾತಿನಲ್ಲಿ ತೊದಲು, ಮೂತ್ರ ಕಡಿಮೆಯಾಗುವುದು ಕಂಡರೆ ಬಿಸಿನೀರಿನ ಶಾಖ ಕೊಡುತ್ತ ಕೂರುವುದು ಅಪಾಯಕರ. ವಯೋವೃದ್ಧರಲ್ಲೂ ಹಸುಗೂಸುಗಳಲ್ಲೂ ಜ್ವರವೇ ಇಲ್ಲದೆ ಮೈ ತಣ್ಣಗಾಗಬಹುದು. ರಕ್ತನಾಳಗಳು ಸಡಿಲಗೊಂಡು ಸೋರತೊಡಗಿದಾಗ ರಕ್ತದೊತ್ತಡ ಕುಸಿದು, ಮೂತ್ರಪಿಂಡ ಮತ್ತು ಮಿದುಳಿಗೆ ರಕ್ತ ಸಾಲದಾಗುತ್ತದೆ. ಈ ಘಟ್ಟವೇ ಸೆಪ್ಟಿಕ್ ಶಾಕ್. ಇದರ ಶಂಕೆ ಬಂದೊಡನೆ, ಸಾಧ್ಯವಾದಷ್ಟೂ 1 ಗಂಟೆಯೊಳಗೆ, ರಕ್ತನಾಳದ ಮೂಲಕ ಪ್ರತಿಜೈವಿಕ ಔಷಧ ಆರಂಭಿಸಬೇಕೆಂಬುದು 2021ರ ಅಂತರರಾಷ್ಟ್ರೀಯ ಮಾರ್ಗಸೂಚಿ. ಕೀವಿದ್ದರೆ ಕೊಯ್ದು ತೆಗೆಯದೆ ಔಷಧವೊಂದೇ ಸಾಲದು.

ಯಾದಗಿರಿ ಜಿಲ್ಲೆಯ ಸುರಪುರದಂತಹ ಕಡೆ ದೂರವೂ ರೋಗದ ಭಾಗವೇ ಆಗುತ್ತದೆ: ಹಳ್ಳಿಯಿಂದ ತಾಲ್ಲೂಕು ಆಸ್ಪತ್ರೆ, ಅಲ್ಲಿಂದ ಯಾದಗಿರಿ, ತೀವ್ರ ನಿಗಾ ಘಟಕಕ್ಕಾಗಿ ಕಲಬುರಗಿ ಎಂದು ರೋಗಿಯನ್ನು ಸಾಗಿಸುವಲ್ಲೇ ಬೆಲೆಯುಳ್ಳ ತಾಸುಗಳು ಕಳೆಯುತ್ತವೆ. ಆದ್ದರಿಂದ ಸಮೀಪದ ಆಸ್ಪತ್ರೆಯಲ್ಲೇ ಮೊದಲ ಔಷಧ ಮತ್ತು ಸಲೈನ್ ಕೊಟ್ಟು ಮುಂದೆ ಕಳಿಸುವುದು ಯುಕ್ತ. ತುರ್ತು ವಾಹನಕ್ಕೆ 108ಕ್ಕೆ ಕರೆ ಮಾಡಬೇಕು.