ಕಂಪ್ಯೂಟರಿನ ಬಾಗಿಲಿಗೆ ಬೀಗ: ಕೀಲಿಕೈ ಯಾರ ಬಳಿ?

ಗುಂಡಿ ಒತ್ತಿದೊಡನೆ ಕಂಪ್ಯೂಟರಿನಲ್ಲಿ ಮೊದಲು ಎಚ್ಚರಗೊಳ್ಳುವುದು ಪರದೆಯ ಮೇಲೆ ಕಾಣುವ ವಿಂಡೋಸ್ ಅಲ್ಲ. ಅದಕ್ಕೂ ಮುಂಚೆ, ತಯಾರಕರು ಚಿಪ್ಪೊಂದರಲ್ಲಿ ಬರೆದಿಟ್ಟ ಪುಟ್ಟ ತಂತ್ರಾಂಶವೊಂದು ಕಣ್ತೆರೆದು, ಕೀಲಿಮಣೆ, ಡಿಸ್ಕ್ ಎಲ್ಲ ನೆಟ್ಟಗಿವೆಯೇ ಎಂದು ನೋಡಿ, ಡಿಸ್ಕಿನಲ್ಲಿರುವ ಕಾರ್ಯಾಚರಣೆ ವ್ಯವಸ್ಥೆಗೆ ಅಧಿಕಾರ ಒಪ್ಪಿಸುತ್ತದೆ. 1981ರಲ್ಲಿ ಐಬಿಎಂ ಹೊರತಂದ ಪಿಸಿಯಲ್ಲಿ ಇದರ ಹೆಸರು ಬಯಾಸ್. ಡಿಸ್ಕಿನಲ್ಲಿರುವುದನ್ನು ಬರೆದವರು ಯಾರು ಎಂದು ಬಯಾಸ್ ಕೇಳುತ್ತಿರಲಿಲ್ಲ.

ಈ ಉದಾಸೀನಕ್ಕೆ ಎರಡು ಬಗೆಯ ಫಲ ಸಿಕ್ಕಿತು. 1986ರಲ್ಲಿ ಲಾಹೋರಿನ ಇಬ್ಬರು ಸೋದರರು ಬರೆದ ‘ಬ್ರೇನ್’ ವೈರಸ್, ಯಂತ್ರ ಮೊದಲು ಓದುವ ಫ್ಲಾಪಿಯ ಭಾಗದಲ್ಲೇ ಅಡಗಿ ಕುಳಿತು ದೇಶದೇಶ ಸುತ್ತಿತು. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ತಮ್ಮ ಪಿಸಿಗಾಗಿ ಲಿನಕ್ಸ್ ಬರೆಯತೊಡಗಿದಾಗ ಐಬಿಎಂನ ಅಪ್ಪಣೆಯೂ ಬೇಕಾಗಲಿಲ್ಲ, ಮೈಕ್ರೋಸಾಫ್ಟಿನದೂ ಬೇಕಾಗಲಿಲ್ಲ. ತೆರೆದ ಬಾಗಿಲಲ್ಲಿ ಕಳ್ಳನೂ ಬಂದ, ನೆಂಟನೂ ಬಂದ.

ಕಳ್ಳನನ್ನು ತಡೆಯಲೆಂದು ಬಂದದ್ದು ‘ಸೆಕ್ಯೂರ್ ಬೂಟ್’. ಬಯಾಸ್‌ನ ಉತ್ತರಾಧಿಕಾರಿ ಯುಇಎಫ್ಐನಲ್ಲಿ 2011ರಲ್ಲಿ ರೂಪುಗೊಂಡ ಈ ಏರ್ಪಾಟಿನಲ್ಲಿ, ಚಿಪ್ಪಿನಲ್ಲಿರುವ ಕೀಲಿಗೆ ತಾಳೆಯಾಗುವ ಡಿಜಿಟಲ್ ಸಹಿ ಇಲ್ಲದ ತಂತ್ರಾಂಶ ಆರಂಭವಾಗುವುದೇ ಇಲ್ಲ. ವಿಂಡೋಸ್ 8ರ ಅಧಿಕೃತ ಲಾಂಛನ ಬೇಕೆನ್ನುವ ತಯಾರಕರು ಇದನ್ನು ಚಾಲೂ ಮಾಡಿಯೇ ಯಂತ್ರ ಮಾರಬೇಕು ಎಂದು ಮೈಕ್ರೋಸಾಫ್ಟ್ ಷರತ್ತು ಹಾಕಿತು. ಹಾಗಾದರೆ ಲಿನಕ್ಸ್ ಗತಿ ಏನು ಎಂದು ರೆಡ್ ಹ್ಯಾಟ್ ಕಂಪನಿಯಲ್ಲಿದ್ದ ಮ್ಯಾಥ್ಯೂ ಗ್ಯಾರೆಟ್ 2011ರ ಸೆಪ್ಟೆಂಬರಿನಲ್ಲೇ ಎಚ್ಚರಿಸಿದರು. ಗದ್ದಲವೆದ್ದಿತು. ಕೊನೆಗೆ ಬಂದ ನಿಯಮ ವಿಚಿತ್ರವಾಗಿತ್ತು: ಇಂಟೆಲ್ ಮಾದರಿಯ ಪಿಸಿಗಳಲ್ಲಿ ಬೀಗ ತೆಗೆಯುವ ಅವಕಾಶ ಮಾಲೀಕನಿಗೆ ಇರಲೇಬೇಕು; ಎಆರ್‌ಎಂ ಚಿಪ್ಪಿನ ವಿಂಡೋಸ್ ಯಂತ್ರಗಳಲ್ಲಿ ಇರಲೇಕೂಡದು. ಕಳ್ಳನ ಭಯ ಚಿಪ್ಪಿಗೊಂದು ಬಗೆ ಇರುತ್ತದೆಯೇ?

ಫೆಡೋರಾ ಬಳಗ 99 ಡಾಲರ್ ಶುಲ್ಕದ ದಾರಿ ಹಿಡಿಯಿತು. ‘ಶಿಮ್’ ಎಂಬ ಪುಟ್ಟ ತಂತ್ರಾಂಶಕ್ಕೆ ಮೈಕ್ರೋಸಾಫ್ಟಿನ ಸಹಿ ಪಡೆದು, ಅದರ ಬೆನ್ನಿಗೆ ಲಿನಕ್ಸನ್ನು ಒಳಗೆ ಬಿಟ್ಟುಕೊಂಡಿತು. ಇಷ್ಟಕ್ಕೆ ಇಷ್ಟೊಂದು ರಾದ್ಧಾಂತವೇಕೆ ಎಂಬ ಧಾಟಿಯಲ್ಲಿ ಟೊರ್ವಾಲ್ಡ್ಸರೇ ಮಾತಾಡಿದರು. ಮೊತ್ತ ಚಿಕ್ಕದು, ನಿಜ. ಆದರೆ ತಗಾದೆ ಇದ್ದದ್ದು ಮೊತ್ತದ ಬಗ್ಗೆಯಲ್ಲ, ಪ್ರತಿಸ್ಪರ್ಧಿಯ ಸಹಿ ಕೇಳಬೇಕಾಗಿ ಬಂದದ್ದರ ಬಗ್ಗೆ. 2015ರಲ್ಲಿ ವಿಂಡೋಸ್ 10 ಬಂದಾಗ, ಪಿಸಿಗಳಲ್ಲೂ ಬೀಗ ತೆಗೆಯುವ ಸೌಲಭ್ಯ ಕೊಡುವುದು ಬಿಡುವುದು ತಯಾರಕರ ಇಚ್ಛೆಗೆ ಸೇರಿತು.

ಎಆರ್‌ಎಂ ಯಂತ್ರಗಳ ಕಥೆ ಬೇರೆ. 2012ರ ಅಕ್ಟೋಬರಿನಲ್ಲಿ ಬಂದ ‘ಸರ್ಫೇಸ್ ಆರ್‌ಟಿ’ ಟ್ಯಾಬ್ಲೆಟ್ ಮಾರಾಟವಾಗದೆ ಉಳಿದು, ಮರುವರ್ಷ ಮೈಕ್ರೋಸಾಫ್ಟ್ 90 ಕೋಟಿ ಡಾಲರ್ ನಷ್ಟ ತೋರಿಸಿತು. 2023ರ ಜನವರಿಯಲ್ಲಿ ಅದರ ವಿಂಡೋಸಿಗೆ ಸುರಕ್ಷತಾ ಪರಿಷ್ಕರಣೆಯೂ ನಿಂತಿತು. ಹಳೆಯ ಪಿಸಿಗೆ ಲಿನಕ್ಸ್ ಹಾಕಿ ಇನ್ನೈದು ವರ್ಷ ದುಡಿಸಿಕೊಳ್ಳುವ ಮಾಲೀಕ, ಈ ಟ್ಯಾಬ್ಲೆಟ್‌ನ ಮುಂದೆ ಕೈಕಟ್ಟಿ ಕೂರಬೇಕು. ಸಂದಿಯೊಂದು ಸಿಕ್ಕಿದ್ದು ಕಂಪನಿಯ ಎಡವಟ್ಟಿನಿಂದಲೇ. ಪರೀಕ್ಷೆಗೆಂದು ಮೈಕ್ರೋಸಾಫ್ಟ್ ಸ್ವತಃ ಸಹಿ ಮಾಡಿಟ್ಟಿದ್ದ ಕಡತವೊಂದು ಸೋರಿಹೋಗಿದ್ದು, ಅದರಿಂದ ಬೀಗ ತೆಗೆಯಬಹುದೆಂದು 2016ರ ಆಗಸ್ಟಿನಲ್ಲಿ ಇಬ್ಬರು ಸಂಶೋಧಕರು ಬಯಲು ಮಾಡಿದರು. ಕಂಪನಿ ತೇಪೆ ಹಾಕಿತು. ಅಷ್ಟರಲ್ಲಿ ಕೆಲವರು, ತಾವೇ ಹಣ ಕೊಟ್ಟು ಕೊಂಡಿದ್ದ ಯಂತ್ರದೊಳಕ್ಕೆ ಹಿತ್ತಲ ಬಾಗಿಲಿನಿಂದ ನುಗ್ಗಿಯಾಗಿತ್ತು.