ಪದಕಕ್ಕಿಂತ ಮೊದಲು ಸಮವಸ್ತ್ರ: ಹಳಿಯಾಳ ಸೀಮೆಯ ಸೈನಿಕ ಛಾಯಾಚಿತ್ರಗಳ ಕಾಲನಿರ್ಣಯ

ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡ ಭಾಗದ ಸೈನಿಕ ಮನೆತನಗಳಲ್ಲಿ ಉಳಿದಿರುವ ಹಳೆಯ ಛಾಯಾಚಿತ್ರಗಳು ಈ ಸೀಮೆಯ ಚರಿತ್ರೆಗೆ ದೊಡ್ಡ ಆಕರ. ಆದರೆ ಅವುಗಳನ್ನು ನೋಡುವ ಕಣ್ಣು ಮೊದಲು ಹೋಗುವುದು ಎದೆಯ ಮೇಲಿನ ಪದಕಗಳಿಗೆ. ಪದಕವಿದ್ದರೆ ಯುದ್ಧ ಕಂಡವರು, ಇಲ್ಲದಿದ್ದರೆ ಇಲ್ಲ ಎಂದು ತೀರ್ಮಾನಿಸಿಬಿಡುತ್ತೇವೆ. ಈ ಕ್ರಮ ತಲೆಕೆಳಗಾದದ್ದು ಎಂಬುದು ನನ್ನ ವಾದ. ಪಡೆಯನ್ನೂ ಕಾಲವನ್ನೂ ಮೊದಲು ಹೇಳುವುದು ಸಮವಸ್ತ್ರ. ಪದಕ ಅದನ್ನು ಬಿಗಿಗೊಳಿಸುವ ಎರಡನೆಯ ಸಾಕ್ಷಿ. ಪದಕ ಇಲ್ಲದಿರುವುದಂತೂ ಯಾವುದಕ್ಕೂ ಪುರಾವೆಯಲ್ಲ.

ಉತ್ತರ ಕನ್ನಡ ಜಿಲ್ಲೆ 1862ರಿಂದ 1956ರವರೆಗೆ ಮುಂಬಯಿ ಆಡಳಿತದಲ್ಲಿತ್ತು. ಹಳಿಯಾಳದ ಮರಾಠಾ ಸಮುದಾಯಕ್ಕೆ ಸಮೀಪದ ಸೈನಿಕ ಕೇಂದ್ರ ಬೆಳಗಾವಿ. 1922ರ ಪುನರ್ರಚನೆಯಲ್ಲಿ 103, 105, 110, 114, 116 ಮತ್ತು 117ನೆಯ ಮರಾಠಾ ಪಡೆಗಳು ಒಂದೇ ರೆಜಿಮೆಂಟಿನ ಬೆಟಾಲಿಯನ್ನುಗಳಾದವು. ಅವುಗಳಲ್ಲಿ 114ನೆಯದು ತರಬೇತಿ ಬೆಟಾಲಿಯನ್ ಆಯಿತು, ಬೆಳಗಾವಿ ತರಬೇತಿಯ ನೆಲೆಯಾಯಿತು. ಹಾಗಾಗಿ ಹೆಗಲಪಟ್ಟಿಯ ಹಿತ್ತಾಳೆ ಗುರುತಿನಲ್ಲಿ 103 ಅಥವಾ 110ರಂಥ ಮೂರಂಕಿ ಓದಲು ಸಿಕ್ಕರೆ ಆ ಉಡುಪು 1922ಕ್ಕಿಂತ ಹಿಂದಿನದು. 103, 110 ಮತ್ತು 117ನೆಯ ಪಡೆಗಳು ಮೆಸೊಪೊಟೇಮಿಯಾದ ಕುಟ್ ಮುತ್ತಿಗೆಯಲ್ಲಿ ಸಿಲುಕಿದ್ದವು. 1916ರ ಏಪ್ರಿಲ್ 29ರಂದು ಅಲ್ಲಿನ ಸೈನ್ಯ ಶರಣಾಯಿತು. ಹೆಗಲಿನ ಒಂದು ಸಂಖ್ಯೆ ಹಳ್ಳಿಯ ಮನೆಯೊಂದನ್ನು ಟೈಗ್ರಿಸ್ ನದಿಯ ದಂಡೆಯವರೆಗೆ ಒಯ್ಯಬಲ್ಲದು. ನಂತರದ ಕಾಲದ ಚಿತ್ರಗಳಲ್ಲಿ ನೋಡಬೇಕಾದದ್ದು ಮರಾಠಾ ರೆಜಿಮೆಂಟಿನ ಬ್ಯೂಗಲ್ ಕೊಂಬಿನ ಬಿಲ್ಲೆ ಮತ್ತು ಅದರ ಮೇಲಿನ ಚಿಹ್ನೆ. ಕಿರೀಟವಿದ್ದರೆ ಗಣರಾಜ್ಯಕ್ಕಿಂತ ಮೊದಲಿನದು, ಅಶೋಕನ ಸಿಂಹಗಳಿದ್ದರೆ ನಂತರದ್ದು. ಕೊಂಬಿನ ಬಿಲ್ಲೆಯೇ ಇಲ್ಲದಿದ್ದರೆ, ‘ಅಜ್ಜ ಮರಾಠಾ ರೆಜಿಮೆಂಟಿನವರು’ ಎಂಬ ಮನೆಮಾತನ್ನು ತುಸು ತಡೆದು ನೋಡಬೇಕು. ಹಳಿಯಾಳದವರೆಲ್ಲ ಒಂದೇ ಪಡೆಗೆ ಸೇರಿದರೆಂದು ಭಾವಿಸಲು ಕಾರಣವಿಲ್ಲ. ಸರಬರಾಜು, ಎಂಜಿನಿಯರಿಂಗ್ ವಿಭಾಗಗಳಿಗೆ ಅವುಗಳದೇ ಬಿಲ್ಲೆಗಳಿದ್ದವು.

ಎರಡನೆಯ ಮಹಾಯುದ್ಧದ ಚಿತ್ರಗಳಲ್ಲಿ ಪದಕವನ್ನು ಏಕೆ ತಡವಾಗಿ ಓದಬೇಕು ಎಂಬುದು ಸ್ಪಷ್ಟವಾಗುತ್ತದೆ. ಆಫ್ರಿಕಾ ಸ್ಟಾರ್ ಎಂಬ ಪದಕ ಘೋಷಣೆಯಾದದ್ದು 1943ರಲ್ಲಿ. ಬರ್ಮಾ ಮತ್ತು ಇಟಲಿ ಸ್ಟಾರ್‌ಗಳು 1945ರಲ್ಲಿ. ಯುದ್ಧದ ವರ್ಷಗಳಲ್ಲಿ ಎದೆಯ ಮೇಲೆ ಇದ್ದುದು ಪದಕದ ಬಟ್ಟೆಯ ಪಟ್ಟಿ (ರಿಬ್ಬನ್) ಮಾತ್ರ, ಲೋಹದ ಪದಕ ಕೈಸೇರಿದ್ದು ಆಮೇಲೆ. 1944ರ ಮಾರ್ಚಿನಲ್ಲಿ ಬರ್ಮಾ ರಣರಂಗದ ಸಂಗ್‌ಶಾಕ್‌ನಲ್ಲಿ ಕಾದಾಡಿದ ಮರಾಠಾ ರೆಜಿಮೆಂಟಿನ ನಾಲ್ಕನೆಯ ಬೆಟಾಲಿಯನ್ನಿನ ಸೈನಿಕ ಆ ವರ್ಷ ರಜೆಗೆ ಬಂದು ಚಿತ್ರ ತೆಗೆಸಿಕೊಂಡಿದ್ದರೆ, ಅದರಲ್ಲಿ ಬರ್ಮಾದ ಪಟ್ಟಿ ಇರಲು ಸಾಧ್ಯವೇ ಇಲ್ಲ. ಆದರೆ ಪಟ್ಟಿ ಇದ್ದಾಗ ಅದು ತುಂಬ ಹೇಳುತ್ತದೆ. ಆಫ್ರಿಕಾ ಮತ್ತು ಇಟಲಿ ಎರಡರ ಪಟ್ಟಿಗಳೂ ಜೊತೆಗಿದ್ದರೆ, 1941ರಲ್ಲಿ ಎರಿಟ್ರಿಯಾದ ಕೆರೆನ್‌ನಲ್ಲಿ ಕಾದಾಡಿ ಮುಂದೆ ಇಟಲಿಗೆ ಹೋದ ಮೂರನೆಯ ಬೆಟಾಲಿಯನ್ನನ್ನು ಮೊದಲು ಪರಿಶೀಲಿಸಬಹುದು. ಯಶವಂತ ಘಾಡಗೆ 1944ರ ಜುಲೈ 10ರಂದು ಇಟಲಿಯ ಟೈಬರ್ ಕಣಿವೆಯಲ್ಲಿ ಹೋರಾಡಿ ಮರಣೋತ್ತರ ವಿಕ್ಟೋರಿಯಾ ಕ್ರಾಸ್ ಪಡೆದದ್ದು ಇದೇ ಬೆಟಾಲಿಯನ್ನಿನಲ್ಲಿ.

ಕಪ್ಪು-ಬಿಳುಪು ಚಿತ್ರದಲ್ಲಿ ಪಟ್ಟಿಯ ಬಣ್ಣ ತಿಳಿಯುವುದು ಹೇಗೆ ಎಂಬ ಆಕ್ಷೇಪ ನ್ಯಾಯವಾದದ್ದೇ. ಸ್ಟುಡಿಯೋಗಳಲ್ಲಿ ಬಹುಕಾಲ ಬಳಕೆಯಲ್ಲಿದ್ದ ಆರ್ಥೋಕ್ರೊಮ್ಯಾಟಿಕ್ ಫಿಲ್ಮ್ ಕೆಂಪನ್ನು ಗ್ರಹಿಸುತ್ತಿರಲಿಲ್ಲ. ಅದರಲ್ಲಿ ಕೆಂಪು ಬಹುತೇಕ ಕಪ್ಪಾಗುತ್ತದೆ, ನೀಲಿ ತಿಳಿಯಾಗುತ್ತದೆ. ಆದ್ದರಿಂದ ಛಾಯೆಯನ್ನಲ್ಲ, ಗೆರೆಗಳ ಜೋಡಣೆಯನ್ನು ನಂಬಬೇಕು. ಇಟಲಿ ಸ್ಟಾರ್‌ನ ಕೆಂಪು, ಬಿಳಿ, ಹಸಿರು, ಬಿಳಿ, ಕೆಂಪು ಗೆರೆಗಳಲ್ಲಿ ಎರಡು ಬಿಳಿ ಗೆರೆಗಳು ಯಾವ ಫಿಲ್ಮಿನಲ್ಲೂ ಬಿಳಿಯಾಗಿಯೇ ಉಳಿಯುತ್ತವೆ. ಧರಿಸುವ ಕ್ರಮವೂ ಗೊತ್ತುಪಡಿಸಿದ್ದು: 1939-45 ಸ್ಟಾರ್ ಮೊದಲು, ರಣರಂಗದ ಸ್ಟಾರ್‌ಗಳು ನಂತರ, ವಾರ್ ಮೆಡಲ್ ಅವುಗಳ ಆಚೆ. ಪಟ್ಟಿಗಳು ಎಡ ಎದೆಯ ಬದಲು ಬಲ ಎದೆಯಲ್ಲಿ ಕಂಡರೆ ನೆಗೆಟಿವ್ ಮಗುಚಿ ಮುದ್ರಣವಾಗಿದೆಯೇ, ಅಥವಾ ಅದು ತೀರಿಹೋದ ಬಂಧುವಿನ ಪದಕವೇ ಎಂದು ನೋಡಬೇಕು. ಗುಂಡಿಗಳು ಯಾವ ಬದಿಗಿವೆ ಎಂಬುದು ಇದನ್ನು ಬಗೆಹರಿಸುತ್ತದೆ. ಎರವಲು ಕೋಟಿನಲ್ಲಿ ಚಿತ್ರ ತೆಗೆಸಿಕೊಂಡಿರಬಹುದಲ್ಲ ಎಂಬ ಇನ್ನೊಂದು ಶಂಕೆಗೂ ಉತ್ತರ ಚಿತ್ರದಲ್ಲೇ ಇದೆ: ಬಿಲ್ಲೆ, ತೋಳಿನ ದರ್ಜೆಪಟ್ಟಿ, ರಿಬ್ಬನ್ ಮತ್ತು ಮುಖದ ವಯಸ್ಸು ಒಂದಕ್ಕೊಂದು ಹೊಂದಬೇಕು. ಹೊಂದದಿದ್ದರೆ ಶಂಕೆ ಉಳಿಯುತ್ತದೆ. ನಾಲ್ಕೂ ಹೊಂದಿದ ಚಿತ್ರವನ್ನು ಅನುಮಾನಿಸಲು ಬೇರೆ ಆಧಾರ ಬೇಕು.

ಪದಕವಿಲ್ಲದ ಎದೆಯನ್ನು ತಪ್ಪಾಗಿ ಓದುವ ಅಪಾಯ ಅತಿ ಹೆಚ್ಚು ಇರುವುದು ಮುಂಡಗೋಡದಲ್ಲಿ. 1966ರಿಂದ ಅಲ್ಲಿ ಟಿಬೆಟನ್ ವಸತಿ ಇದೆ. 1962ರ ನವೆಂಬರಿನಲ್ಲಿ, ಚೀನಾ ಯುದ್ಧದ ಕೊನೆಯ ದಿನಗಳಲ್ಲಿ ಸ್ಥಾಪನೆಯಾದ ಸ್ಪೆಷಲ್ ಫ್ರಾಂಟಿಯರ್ ಫೋರ್ಸ್‌ಗೆ ದೇಶದ ಟಿಬೆಟನ್ ವಸತಿಗಳ ಯುವಕರು ಸೇರುತ್ತ ಬಂದರು. ಮೇಜರ್ ಜನರಲ್ ಸುಜನ್ ಸಿಂಗ್ ಉಬಾನ್ ಮುಂದಾಳ್ತನದಲ್ಲಿ ಈ ಪಡೆ 1971ರ ಯುದ್ಧದಲ್ಲಿ ಚಿತ್ತಗಾಂಗ್ ಗುಡ್ಡಗಾಡಿನಲ್ಲಿ ಹೋರಾಡಿತು. ಕಾರ್ಯಾಚರಣೆ ಗುಪ್ತವಾಗಿದ್ದ ಕಾರಣ ಟಿಬೆಟನ್ ಯೋಧರಿಗೆ ಬಹಿರಂಗ ಶೌರ್ಯ ಪದಕಗಳು ದೊರೆಯಲಿಲ್ಲ. ಅದೇ ಯುದ್ಧದ ಪೂರ್ವಿ ಸ್ಟಾರ್ ಧರಿಸಿದ ಹಳಿಯಾಳದ ಸೈನಿಕನ ಚಿತ್ರವನ್ನೂ ಪದಕವಿಲ್ಲದ ಟಿಬೆಟನ್ ಯೋಧನ ಚಿತ್ರವನ್ನೂ ಪಕ್ಕಪಕ್ಕ ಇಟ್ಟು, ಒಬ್ಬರು ಯುದ್ಧ ಕಂಡವರು, ಇನ್ನೊಬ್ಬರು ಕಾಣದವರು ಎನ್ನುವುದು ಅನ್ಯಾಯ. ಗುಪ್ತತೆಯ ನಿಯಮವನ್ನು ಸೇವೆಯ ಅಭಾವವೆಂದು ತಿಳಿಯಬಾರದು.

ಜೋಯಿಡಾದ ಸ್ಥಿತಿ ಬೇರೆ. ಅಲ್ಲಿನ ತೊಡಕು ಪದಕದ್ದಲ್ಲ, ವಿಳಾಸದ್ದು. ಅದು ಹಳೆಯ ಸೂಪಾ ಪ್ರದೇಶ. ಕಾಳಿ ಅಣೆಕಟ್ಟಿನಿಂದ ಸೂಪಾ ಪಟ್ಟಣ ಮುಳುಗಿ ಜನ ರಾಮನಗರ ಮೊದಲಾದೆಡೆ ಹೋಗಿ ನೆಲೆಸಿದರು. ಸೈನಿಕರ ಹಳೆಯ ವಿಳಾಸ ಹುಡುಕುವವರು ಇಂದಿನ ತಾಲೂಕಿನ ಹೆಸರಿಗೆ ಅಂಟಿಕೊಳ್ಳದೆ, ಸೂಪಾ, ಉತ್ತರ ಕಾನಡಾ, ಮುಂಬಯಿ ಎಂಬ ಹೆಸರುಗಳಲ್ಲೂ ನೋಡಬೇಕು.

ಇಂಥ ಚಿತ್ರಗಳಿರುವ ಮನೆಯವರಲ್ಲಿ ಒಂದು ವಿನಂತಿ. ಚೌಕಟ್ಟು ಬಿಚ್ಚಿಸಿ ಚಿತ್ರದ ಹಿಂಬದಿಯ ಸ್ಟುಡಿಯೋ ಮುದ್ರೆಯನ್ನೂ ಬರಹವನ್ನೂ ನಕಲು ಮಾಡಿಡಿ. ಮೊದಲ ಮಹಾಯುದ್ಧದ ಬೆಳ್ಳಿಯ ಬ್ರಿಟಿಷ್ ವಾರ್ ಮೆಡಲ್ ಮನೆಯಲ್ಲಿದ್ದರೆ ಅದನ್ನು ಬೆಳ್ಳಿಯ ಬೆಲೆಗೆ ಮಾರಬೇಡಿ, ಅಂಚನ್ನು ಉಜ್ಜಬೇಡಿ. ಸೈನಿಕನ ಸಂಖ್ಯೆ, ದರ್ಜೆ, ಹೆಸರು, ಪಡೆ ಎಲ್ಲವನ್ನೂ ಅಚ್ಚೊತ್ತಿರುವುದು ಆ ಅಂಚಿನಲ್ಲಿಯೇ.