ಕ್ರಾಮ್‌ಫರ್ಡಿನ ನೆಲವೂ ನೀರೂ

ಕ್ಷೌರಿಕವೃತ್ತಿಯಿಂದ ಬಾಳನ್ನಾರಂಭಿಸಿದ ರಿಚರ್ಡ್ ಆರ್ಕ್‌ರೈಟನು 1771ರಲ್ಲಿ ಇಂಗ್ಲೆಂಡಿನ ಡರ್ಬಿಷೈರ್ ಸೀಮೆಯ ಕ್ರಾಮ್‌ಫರ್ಡ್ ಎಂಬ ಹಳ್ಳಿಯಲ್ಲಿ ನೀರಿನ ಬಲದಿಂದ ನಡೆಯುವ ಹತ್ತಿಗಿರಣಿಯನ್ನು ಸ್ಥಾಪಿಸಿದನು. 1789ರಲ್ಲಿ ಆ ಹಳ್ಳಿಯ ಒಡೆತನವನ್ನೇ ಕ್ರಯಕ್ಕೆ ಕೊಂಡನು. ಸಮೀಪದಲ್ಲಿ ವಿಲರ್ಸ್‌ಲಿ ಎಂಬ ಸೌಧವನ್ನೆತ್ತಿಸತೊಡಗಿದನು; 1791ರಲ್ಲಿ ಅದು ಬೆಂಕಿಗೀಡಾಯಿತು; ಮರುವರ್ಷ ಅವನೇ ಕಾಲವಾದನು. ಅಲ್ಲಿ ವಾಸಿಸುವ ಭಾಗ್ಯ 1796ರಲ್ಲಿ ಮಗನದಾಯಿತು.

ಕೆಲಸಗಾರರ ಮನೆಗಳು, ಸಂತೆ, ಇಗರ್ಜಿ ಎಲ್ಲವೂ ಒಂದೇ ಮನೆತನದ ಆಶ್ರಯದಲ್ಲಿದ್ದವು. ಕೂಲಿ ಕೊಡುವ ಕೈಯೇ ಬಾಡಿಗೆ ಎತ್ತುವ ಕೈಯಾಗಿತ್ತು.

ಆದರೆ ಗಿರಣಿಯ ಚಕ್ರವನ್ನು ತಿರುಗಿಸುತ್ತಿದ್ದ ನೀರಿನ ಬಹುಭಾಗವು ಸೀಸದ ಗಣಿಗಳನ್ನು ಬತ್ತಿಸಲು ಹಿಂದಿನವರು ತೋಡಿದ್ದ ಸುರಂಗದಿಂದ ಬರುತ್ತಿತ್ತು. ಗಣಿಯವರು ಮೀರ್‌ಬ್ರೂಕ್ ಎಂಬ ಇನ್ನೂ ಆಳದ ಸುರಂಗವನ್ನು ಕೊರೆಯಲು ನೀರು ಅತ್ತ ಹರಿಯಿತು. ಆರ್ಕ್‌ರೈಟರು ವ್ಯಾಜ್ಯ ಹೂಡಿದರು. ಗಣಿಯವರು ತಮ್ಮ ಅನುಕೂಲಕ್ಕಾಗಿ ಹೊರಬಿಟ್ಟ ನೀರನ್ನು ಎಷ್ಟು ಕಾಲ ಬಳಸಿದರೂ, ಅದನ್ನು ಮುಂದೆಯೂ ಬಿಡಬೇಕೆಂದು ಕೇಳುವ ಹಕ್ಕು ಗಿರಣಿಗೆ ಹುಟ್ಟದೆಂದು 1839ರಲ್ಲಿ ನ್ಯಾಯಾಲಯವು ತೀರ್ಪಿತ್ತಿತು. ಗಿರಣಿಯು ಕ್ರಮೇಣ ಸೊರಗಿತು.

ಗಿರಣಿ ಸೊರಗಿದರೂ ಭೂಸ್ವತ್ತು ಬಹುಕಾಲ ಉಳಿಯಿತು. 1920ರ ದಶಕದಲ್ಲಿ ಮನೆತನವು ಅದನ್ನು ಮಾರಿತು; ಸೌಧವು ಮೆಥಡಿಸ್ಟರ ವಿಶ್ರಾಂತಿಗೃಹವಾಯಿತು. ಕ್ರಯಪತ್ರವು ನೆಲವನ್ನು ಕೊಟ್ಟಿತ್ತು, ಮನೆಗಳನ್ನು ಕೊಟ್ಟಿತ್ತು. ಅವುಗಳಿಗೆ ಬೆಲೆ ತಂದ ನೀರನ್ನು ಮಾತ್ರ ಕೊಟ್ಟಿರಲಿಲ್ಲ.